ಕೆಟ್ಟ ಮಾತೂ ಸುಳ್ಳು ಲೆಕ್ಕವೂ

ನನ್ನ ಮೇಲೆ ಈಚೆಗೆ ಒಂದು ಆಪಾದನೆ ಬಂದಿದೆ. ಅದನ್ನು ಹೊರಿಸಿದವರು ಹೊರಗಿನವರಲ್ಲ. ನನ್ನ ಬಂಧುಗಳು, ಮತ್ತು ನನ್ನ ಕೈಯಲ್ಲಿ ಪಾಠ ಕಲಿತವರು. ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಬೋಧಿಸಿ ನಿವೃತ್ತನಾದ ಮನುಷ್ಯನೊಬ್ಬ, ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಗೀತೆಯನ್ನೋ ಕುಮಾರವ್ಯಾಸನನ್ನೋ ಹಿಡಿದು ಕೂರುವುದನ್ನು ಬಿಟ್ಟು, ಕೊಲೆ, ಹೆರಾಯಿನ್ ಮಾರಾಟ, ಬಾಯಿ ತೆರೆದರೆ ಬೈಗುಳ ಇವುಗಳಿಂದ ತುಂಬಿದ ಅಮೆರಿಕದ ಧಾರಾವಾಹಿಯೊಂದನ್ನು ನೋಡುತ್ತಾನೆ, ಅದೂ ಮೂರನೆಯ ಸಲ ನೋಡುತ್ತಾನೆ ಎಂಬುದು ಆಪಾದನೆಯ ಸಾರಾಂಶ. "ಮಾವ, ನೀವು ಹೇಳಿದಿರೆಂದು ಒಂದು ಕಂತು ಹಾಕಿದೆ, ಹತ್ತು ನಿಮಿಷಕ್ಕೆ ಎದ್ದುಬಿಟ್ಟೆ" ಎಂದ ನನ್ನ ಸೋದರಳಿಯ. "ಅಣ್ಣಾ, ಮೊಮ್ಮಕ್ಕಳು ಓಡಾಡುವ ಮನೆ, ಸ್ವಲ್ಪ ಯೋಚನೆ ಮಾಡು" ಎಂದಳು ತಂಗಿ. ಹಳೆಯ ವಿದ್ಯಾರ್ಥಿಯೊಬ್ಬನಂತೂ, "ಮೇಷ್ಟ್ರೇ, ತರಗತಿಯಲ್ಲಿ ಒಂದು ಕೆಟ್ಟ ಮಾತು ಬಂದರೆ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು ನೀವೇ ಅಲ್ಲವೇ?" ಎಂದು ಬರೆದಿದ್ದಾನೆ.

ಹೌದಪ್ಪ, ನಾನೇ ನಿಲ್ಲಿಸುತ್ತಿದ್ದೆ. ಈಗಲೂ ತರಗತಿ ಇದ್ದಿದ್ದರೆ ನಿಲ್ಲಿಸುತ್ತಿದ್ದೆ. ಆದರೂ ಆ ಧಾರಾವಾಹಿಯ ನಿಷ್ಠಾವಂತ ಅಭಿಮಾನಿ ನಾನು ಎಂಬುದನ್ನು ಇಲ್ಲಿ ಬರೆದು ಸಹಿ ಮಾಡುತ್ತಿದ್ದೇನೆ. ಇದಕ್ಕಾಗಿ ಕ್ಷಮೆ ಕೇಳುವ ಉದ್ದೇಶ ನನಗಿಲ್ಲ. ಬದಲಾಗಿ, ಆಪಾದಿಸಿದವರ ಮೇಲೆಯೇ ಒಂದು ಪ್ರತ್ಯಾರೋಪವಿದೆ. ಕೆಟ್ಟ ಮಾತು ಕೇಳಿದರೆ ಕಿವಿ ಮುಚ್ಚಿಕೊಳ್ಳುವ ನಾವು, ಸುಳ್ಳು ಲೆಕ್ಕ ಕಂಡರೆ ಚಪ್ಪಾಳೆ ತಟ್ಟುತ್ತೇವೆ. ಇವೆರಡರಲ್ಲಿ ಹೆಚ್ಚು ಹೊಲಸಾದುದು ಯಾವುದು ಎಂಬುದನ್ನು ಆ ಧಾರಾವಾಹಿಯಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಇನ್ನೊಂದು ಕೃತಿಯನ್ನು ನಾನು ಕಂಡಿಲ್ಲ.

ಅದರ ಹೆಸರು 'ದಿ ವೈರ್'. ತಂತಿ ಎಂದರ್ಥ, ಪೊಲೀಸರ ದೂರವಾಣಿ ಕದ್ದಾಲಿಕೆಯ ತಂತಿ. ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ 2002ರ ಜೂನ್ ತಿಂಗಳಿನಿಂದ 2008ರ ಮಾರ್ಚ್ ತಿಂಗಳವರೆಗೆ ಐದು ಸಂಪುಟಗಳಾಗಿ, ಒಟ್ಟು 60 ಕಂತುಗಳಲ್ಲಿ ಪ್ರಸಾರವಾಯಿತು. ಅವರು ಸೀಸನ್ ಎನ್ನುತ್ತಾರೆ. ಪುಸ್ತಕದ ಹುಳುವಾದ ನನಗೆ ಸಂಪುಟ ಎನ್ನುವುದೇ ಹಿತ. ಕಥೆ ನಡೆಯುವುದು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ. ಮೊದಲ ಸಂಪುಟದಲ್ಲಿ ಮಾದಕ ವಸ್ತು ಮಾರುವ ಒಂದು ಗುಂಪು ಮತ್ತು ಅದನ್ನು ಹಿಡಿಯಲು ಹೊರಟ ಒಂದು ಪೊಲೀಸ್ ತಂಡ. ಎರಡನೆಯದರಲ್ಲಿ ಬಂದರು ಮತ್ತು ಕೆಲಸ ಕಳೆದುಕೊಳ್ಳುತ್ತಿರುವ ಹಡಗುಕಟ್ಟೆಯ ಕಾರ್ಮಿಕರು. ಮೂರನೆಯದರಲ್ಲಿ ರಾಜಕಾರಣ, ನಾಲ್ಕನೆಯದರಲ್ಲಿ ಸರ್ಕಾರಿ ಶಾಲೆ, ಐದನೆಯದರಲ್ಲಿ ಪತ್ರಿಕೆ. ಹೀಗೆ ಒಂದು ಊರನ್ನು ಪದರ ಪದರವಾಗಿ ಬಿಚ್ಚಿ ನೋಡುವ ಕೆಲಸ. ಪ್ರಸಾರವಾದಷ್ಟು ಕಾಲವೂ ಅದಕ್ಕೆ ಎಮ್ಮಿ ಪ್ರಶಸ್ತಿ ಒಂದೂ ಬರಲಿಲ್ಲ. ಎರಡು ಸಲ ಚಿತ್ರಕಥೆಗಾಗಿ ನಾಮನಿರ್ದೇಶನಗೊಂಡಿತು, ಅಷ್ಟೆ. ನನ್ನ ಮಗಳು ಅಲ್ಲಿಂದ ಬರುವಾಗ ಡಿವಿಡಿಗಳ ಪೆಟ್ಟಿಗೆಯನ್ನು ತಂದುಕೊಟ್ಟಳು. ಇಂಗ್ಲಿಷ್ ಅಡಿಬರಹವಿಲ್ಲದೆ ಬಾಲ್ಟಿಮೋರಿನ ಬೀದಿಮಾತು ನನಗೆ ಅರ್ಧವೂ ತಿಳಿಯದು. ಅಡಿಬರಹ ಓದುತ್ತಾ, ಬೇಕಾದಲ್ಲಿ ನಿಲ್ಲಿಸುತ್ತಾ ನೋಡಿದ್ದೇನೆ.

ಇದನ್ನು ಕಟ್ಟಿದವರು ಯಾರೆಂಬುದನ್ನು ಮೊದಲು ಹೇಳಬೇಕು. ಡೇವಿಡ್ ಸೈಮನ್ ಎಂಬುವರು 'ಬಾಲ್ಟಿಮೋರ್ ಸನ್' ಪತ್ರಿಕೆಯಲ್ಲಿ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಅಪರಾಧ ವರದಿಗಾರರಾಗಿದ್ದವರು. ಅವರ ಜೊತೆಗಾರ ಎಡ್ ಬರ್ನ್ಸ್. ಬರ್ನ್ಸ್ ಅದೇ ನಗರದ ಪೊಲೀಸ್ ಇಲಾಖೆಯಲ್ಲಿ 20 ವರ್ಷ ದುಡಿದು ನಿವೃತ್ತರಾದರು. ನಿವೃತ್ತರಾದ ಮೇಲೆ ಅದೇ ನಗರದ ಸರ್ಕಾರಿ ಶಾಲೆಯಲ್ಲಿ ಏಳು ವರ್ಷ ಮೇಷ್ಟ್ರಾಗಿ ಕೆಲಸ ಮಾಡಿದರು. ಕೊಲೆ ನಡೆದ ಜಾಗಗಳನ್ನು ಕಂಡವರೊಬ್ಬರು ಮಧ್ಯಮ ಶಾಲೆಯ ತರಗತಿಗೆ ಕಾಲಿಟ್ಟು ಏನು ಕಂಡರೆಂಬುದೇ ನಾಲ್ಕನೆಯ ಸಂಪುಟದ ಬೀಜ. ಇನ್ನೊಂದು ಸಂಗತಿ: ಬರ್ನ್ಸ್ ಅವರು 1980ರ ದಶಕದಲ್ಲಿ ಕದ್ದಾಲಿಕೆಯ ಮೂಲಕ ಹಿಡಿದ ಮಾದಕ ವಸ್ತುಗಳ ದೊಡ್ಡ ವ್ಯಾಪಾರಿ ಮೆಲ್ವಿನ್ ವಿಲಿಯಮ್ಸ್, ಸೆರೆಮನೆಯಿಂದ ಬಂದ ಮೇಲೆ ಇದೇ ಧಾರಾವಾಹಿಯಲ್ಲಿ ಚರ್ಚಿನ ಹಿರಿಯನೊಬ್ಬನ ಪಾತ್ರ ವಹಿಸಿದರು. ಹಿಡಿದವನೂ ಸಿಕ್ಕಿಬಿದ್ದವನೂ ಒಂದೇ ಕಥೆಯನ್ನು ಸೇರಿ ಹೇಳಿದರೆಂದರೆ, ಅಲ್ಲಿ ಬಣ್ಣ ಬಳಿದ ಸುಳ್ಳಿಗೆ ಎಡೆ ಕಡಿಮೆ ಎಂದು ತಿಳಿಯಬಹುದು.

ಈಗ ಬೈಗುಳದ ವಿಚಾರಕ್ಕೆ ಬರೋಣ. ಭಾಷೆ ಕೊಳಕಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಮೊಮ್ಮಕ್ಕಳ ಮುಂದೆ ನಾನು ಅದನ್ನು ಹಾಕುವುದೂ ಇಲ್ಲ, ತಂಗಿ ನಿಶ್ಚಿಂತಳಾಗಿರಲಿ. ಆದರೆ ಮೊದಲ ಸಂಪುಟದ ನಾಲ್ಕನೆಯ ಕಂತಿನಲ್ಲಿ ಒಂದು ದೃಶ್ಯವಿದೆ. ಇಬ್ಬರು ಪತ್ತೇದಾರರು ತಿಂಗಳುಗಳ ಹಿಂದೆ ಯುವತಿಯೊಬ್ಬಳು ಕೊಲೆಯಾದ ಅಡುಗೆಮನೆಗೆ ಬರುತ್ತಾರೆ. ಮುಂದಿನ ಕೆಲವು ನಿಮಿಷ ಇಬ್ಬರೂ ಒಂದೇ ಒಂದು ಬೈಗುಳವನ್ನು ಬಗೆಬಗೆಯ ಧ್ವನಿಯಲ್ಲಿ ಹೇಳುತ್ತಾರೆಯೇ ಹೊರತು ಬೇರೆ ಮಾತೇ ಇಲ್ಲ. ಆದರೆ ಅವರ ಕೈಗಳು ಏನು ಮಾಡುತ್ತಿವೆ ನೋಡಿ. ಅಳತೆಪಟ್ಟಿ ಹಿಡಿದು ಎತ್ತರ ಅಳೆಯುತ್ತಾರೆ, ಗುಂಡು ದೇಹವನ್ನು ಹೊಕ್ಕ ಕೋನವನ್ನೂ ಹೊರಬಂದ ಕೋನವನ್ನೂ ಜೋಡಿಸುತ್ತಾರೆ, ಆ ಸರಳರೇಖೆಯನ್ನು ಹಿಂಬಾಲಿಸಿ ಯಾರೂ ಹುಡುಕದಿದ್ದ ಗುಂಡನ್ನು ರೆಫ್ರಿಜರೇಟರಿನ ಬಾಗಿಲಲ್ಲಿ ಪತ್ತೆ ಹಚ್ಚುತ್ತಾರೆ, ಅದೇ ರೇಖೆಯನ್ನು ಹಿಂದಕ್ಕೆ ಎಳೆದು ಕಿಟಕಿಯ ಹೊರಗೆ ಬಿದ್ದಿದ್ದ ಖಾಲಿ ತೋಟೆಯನ್ನು ಹೆಕ್ಕುತ್ತಾರೆ. ರೇಖಾಗಣಿತವನ್ನು ಇಷ್ಟು ಶ್ರದ್ಧೆಯಿಂದ ಬಳಸಿದ ದೃಶ್ಯವನ್ನು ಪರದೆಯ ಮೇಲೆ ನಾನು ಇನ್ನೆಲ್ಲಿಯೂ ನೋಡಿಲ್ಲ. ನನ್ನ ಸೋದರಳಿಯನ ಕಿವಿಗೆ ಬೈಗುಳ ಬಿತ್ತು, ಕಣ್ಣಿಗೆ ಗಣಿತ ಬೀಳಲಿಲ್ಲ. ಹತ್ತು ನಿಮಿಷಕ್ಕೆ ಎದ್ದುಹೋದವನು ಅದನ್ನು ತಲುಪಲೂ ಇಲ್ಲವೆನ್ನಿ.

ನಮ್ಮ ಮನೆಗಳಲ್ಲಿ ಎಲ್ಲರೂ ಕೂಡಿ ನೋಡುವ ಅಪರಾಧ ಧಾರಾವಾಹಿಗಳು ಬೇರೆ ಬಗೆಯವು. 1998ರಿಂದ 2018ರವರೆಗೆ ಎರಡು ದಶಕ ನಡೆದು 2024ರಲ್ಲಿ ಮತ್ತೆ ಆರಂಭಗೊಂಡ ಹಿಂದಿಯ 'ಸಿಐಡಿ'ಯನ್ನು ನೋಡದ ಮನೆ ಯಾವುದಿದೆ? ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದರ ವ್ಯಾಕರಣವನ್ನು ಗಮನಿಸಿ: ಕೊಲೆ ನಡೆಯುತ್ತದೆ, ಪ್ರಾಮಾಣಿಕ ಅಧಿಕಾರಿಗಳು ಬರುತ್ತಾರೆ, ಕಂತು ಮುಗಿಯುವುದರೊಳಗೆ ಕೊಲೆಗಾರ ಸಿಕ್ಕಿಬೀಳುತ್ತಾನೆ, ನಾವು ಊಟಕ್ಕೆ ಏಳುತ್ತೇವೆ. ಕೆಟ್ಟವನೊಬ್ಬನಿದ್ದ, ಅವನನ್ನು ಹಿಡಿದದ್ದಾಯಿತು, ಲೋಕ ಸರಿಹೋಯಿತು ಎಂಬ ನೆಮ್ಮದಿ. 'ದಿ ವೈರ್' ಆ ನೆಮ್ಮದಿಯನ್ನು ಕೊಡುವುದಿಲ್ಲ. ಅಲ್ಲಿ ಒಬ್ಬನನ್ನು ಹಿಡಿದರೆ ಅದೇ ಬೀದಿಮೂಲೆಗೆ ಮರುದಿನ ಇನ್ನೊಬ್ಬ ಬರುತ್ತಾನೆ. ಏಕೆಂದರೆ ಆ ಮೂಲೆಯಲ್ಲಿ ನಿಲ್ಲಲು ಹುಡುಗರು ತಯಾರಾಗುವ ಜಾಗ ಬೇರೆಲ್ಲೋ ಇದೆ. ಆ ಜಾಗವನ್ನು ಹುಡುಕುತ್ತಾ ಹೋದ ಕಥೆ ಕೊನೆಗೆ ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಅದು ನನ್ನ ಕಥೆಯೂ ಹೌದು.

ಶಾಲೆಗೆ ಬರುವ ಮೊದಲೇ, ಮೊದಲ ಸಂಪುಟದಲ್ಲಿಯೇ, ಅದರ ಮುನ್ಸೂಚನೆಯೊಂದಿದೆ. ವ್ಯಾಲೆಸ್ ಎಂಬ ಹದಿನಾರರ ಹುಡುಗ ಮಾದಕ ವಸ್ತು ಮಾರುವ ಗುಂಪಿನವನು. ಪಾಳುಮನೆಯೊಂದರಲ್ಲಿ ತನಗಿಂತ ಚಿಕ್ಕ ಮಕ್ಕಳನ್ನು ಇಟ್ಟುಕೊಂಡು ಸಾಕುತ್ತಾನೆ. ಬೆಳಿಗ್ಗೆ ಎಬ್ಬಿಸಿ, ಕೈಗೆ ತಿಂಡಿ ಕೊಟ್ಟು ಶಾಲೆಗೆ ಕಳುಹಿಸುತ್ತಾನೆ. ಒಂದು ದಿನ ಆ ಮಕ್ಕಳಲ್ಲೊಂದಕ್ಕೆ ಮನೆಗೆಲಸದ ಲೆಕ್ಕ ಬಿಡಿಸಲಾಗುವುದಿಲ್ಲ. ಬಸ್ಸಿಗೆ ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು, ಉಳಿದವರು ಎಷ್ಟು ಎಂಬ ಮಾಮೂಲು ಲೆಕ್ಕ. ವ್ಯಾಲೆಸ್ ಬಸ್ಸನ್ನು ಬಿಟ್ಟು ಹೆರಾಯಿನ್ ಶೀಶೆಗಳನ್ನು ಹಿಡಿಯುತ್ತಾನೆ: ಇಷ್ಟು ಇದ್ದವು, ಇಷ್ಟು ಮಾರಿದೆ, ಮತ್ತೆ ಇಷ್ಟು ಬಂದವು, ಈಗ ಎಷ್ಟಿವೆ? ಮಗು ಥಟ್ಟನೆ ಸರಿಯುತ್ತರ ಹೇಳುತ್ತದೆ. ಇದು ಬರುತ್ತದೆ, ಅದು ಏಕೆ ಬರುವುದಿಲ್ಲ ಎಂದು ಕೇಳಿದರೆ, ಈ ಲೆಕ್ಕ ತಪ್ಪಿದರೆ ಹೊಡೆತ ಬೀಳುತ್ತದೆ ಎಂಬುದು ಮಗುವಿನ ಸಮಾಧಾನ. ಗಣಿತ ಬೋಧನೆಯ ಬಗೆಗೆ ಎಷ್ಟೋ ತರಬೇತಿ ಶಿಬಿರಗಳಲ್ಲಿ ನಾನು ಕೂತಿದ್ದೇನೆ. ಬುದ್ಧಿ ಇರುವ ಮಗು ಶಾಲೆಯಲ್ಲಿ ದಡ್ಡನೆನಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಒಂದು ನಿಮಿಷದಷ್ಟು ಚೆನ್ನಾಗಿ ಯಾವ ಸಂಪನ್ಮೂಲ ವ್ಯಕ್ತಿಯೂ ಹೇಳಿರಲಿಲ್ಲ. ಆ ಸಂಪುಟ ಮುಗಿಯುವ ಮೊದಲೇ ವ್ಯಾಲೆಸನನ್ನು ಅವನ ಗೆಳೆಯರಿಬ್ಬರ ಕೈಯಿಂದಲೇ ಕೊಲ್ಲಿಸಲಾಗುತ್ತದೆ.

ನಾಲ್ಕನೆಯ ಸಂಪುಟ 2006ರಲ್ಲಿ ಬಂದದ್ದು, 13 ಕಂತು. ಪೊಲೀಸ್ ಕೆಲಸದಲ್ಲಿ ಎಡವಿ ಹೊರಬಿದ್ದ ಪ್ರೆಜ್ಬಿಲ್ಯೂಸ್ಕಿ ಎಂಬ ತರುಣ ಎಡ್ವರ್ಡ್ ಟಿಲ್ಮನ್ ಎಂಬ ಕಾಲ್ಪನಿಕ ಶಾಲೆಗೆ ಗಣಿತದ ಮೇಷ್ಟ್ರಾಗಿ ಬರುತ್ತಾನೆ. ಹೆಸರು ಉಚ್ಚರಿಸಲಾಗದ ಮಕ್ಕಳು ಅವನನ್ನು ಪ್ರೆಜ್ಬೋ ಎನ್ನುತ್ತಾರೆ; ನಾವು ಪ್ರೆಜ್ ಎನ್ನೋಣ. ಮೊದಲ ವಾರಗಳಲ್ಲಿ ಅವನ ತರಗತಿ ಸಂತೆ. ಆಮೇಲೆ ಅವನು ದಾಳಗಳನ್ನು ತಂದು, ಮಕ್ಕಳು ಬೀದಿಯಲ್ಲಿ ಆಡುವ ಜೂಜಿನ ಮೂಲಕವೇ ಸಂಭವನೀಯತೆಯನ್ನು ಕಲಿಸುತ್ತಾನೆ. ಮಕ್ಕಳ ಕಣ್ಣು ಹೊಳೆಯುತ್ತದೆ. ಎರಡು ದಾಳಗಳ ಮೊತ್ತ ಏಳಾಗುವುದೇ ಏಕೆ ಹೆಚ್ಚು ಎಂಬುದನ್ನು ಪಗಡೆಯ ದಾಳ ಹಿಡಿದು ನನ್ನಿಂದ ಕಲಿತವರು ಇದನ್ನು ಓದುತ್ತಿದ್ದರೆ, ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿರಬಹುದೆಂದು ಊಹಿಸಬಲ್ಲರು. ಆದರೆ ಪ್ರೆಜ್‌ಗೆ ಮೇಲಿನಿಂದ ಆಜ್ಞೆ ಬರುತ್ತದೆ: ದಾಳ ಸಾಕು, ರಾಜ್ಯದ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡು, ಅದರಲ್ಲಿ ಬರುವ ಮಾದರಿ ಪ್ರಶ್ನೆಗಳನ್ನಷ್ಟೇ ಉರು ಹೊಡೆಸು.

ಅದೇ ಶಾಲೆಯಲ್ಲಿ ಸೆರೆಮನೆಯಿಂದ ಬಿಡುಗಡೆಯಾದ ಕಟಿ ಎಂಬುವನಿಗೆ ಒಂದು ಕೆಲಸ ಸಿಗುತ್ತದೆ. ಶಾಲೆಗೆ ಬಾರದ ಮಕ್ಕಳನ್ನು ಬೀದಿಯಿಂದ ಹುಡುಕಿ ಕರೆತರುವುದು. ಸತ್ಕಾರ್ಯವೆಂದು ಅವನು ಉತ್ಸಾಹದಿಂದ ಹೊರಡುತ್ತಾನೆ. ಆದರೆ ಸೆಪ್ಟೆಂಬರಿನಲ್ಲಿ ಒಂದು ದಿನ ಕರೆತಂದ ಹುಡುಗನನ್ನು ಆ ತಿಂಗಳು ಮತ್ತೆ ಕರೆತರಬೇಕಾಗಿಲ್ಲ ಎಂದು ತಿಳಿಯುತ್ತದೆ. ಅನುದಾನದ ಲೆಕ್ಕಕ್ಕೆ ಸೆಪ್ಟೆಂಬರಿನಲ್ಲಿ ಒಂದು ದಿನ, ಅಕ್ಟೋಬರಿನಲ್ಲಿ ಒಂದು ದಿನ ಹಾಜರಿ ಬಿದ್ದರೆ ಸಾಕು. ಉಳಿದ ದಿನ ಆ ಮಗು ಎಲ್ಲಿದ್ದರೆ ಯಾರಿಗೇನು? ಈ ದೃಶ್ಯದಲ್ಲಿ ಬಂದೂಕಿಲ್ಲ, ರಕ್ತವಿಲ್ಲ. ಆದರೂ ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ಅಶ್ಲೀಲವಾದುದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರೆಜ್ ಪೊಲೀಸನಾಗಿದ್ದವನಾದ್ದರಿಂದ ಈ ಆಟವನ್ನು ತಕ್ಷಣ ಗುರುತಿಸುತ್ತಾನೆ. ಪೊಲೀಸ್ ಇಲಾಖೆಯಲ್ಲಿ ದರೋಡೆಯನ್ನು ಸಣ್ಣ ಕಳ್ಳತನವೆಂದು ಬರೆದರೆ ಅಪರಾಧ ಇಳಿಯಿತೆಂದು ಮೇಲಧಿಕಾರಿಗೆ ಬಡ್ತಿ. ಶಾಲೆಯಲ್ಲಿ ಪರೀಕ್ಷೆಯ ಪ್ರಶ್ನೆಗಳನ್ನೇ ಪಾಠವೆಂದು ಕಲಿಸಿದರೆ ಕಲಿಕೆ ಏರಿತೆಂದು ಮೇಲಧಿಕಾರಿಗೆ ಮನ್ನಣೆ. ಅದೇ ಸಂಪುಟದಲ್ಲಿ ಇನ್ನೊಂದು ಎಳೆಯಿದೆ. ಕೊಲೆಗಾರರು ಹೆಣಗಳನ್ನು ನಗರದ ಪಾಳುಮನೆಗಳಲ್ಲಿ ಹಾಕಿ ಹಲಗೆ ಹೊಡೆದುಬಿಡುತ್ತಾರೆ. ಇದನ್ನು ಪತ್ತೆ ಹಚ್ಚಿದ ಪತ್ತೇದಾರನಿಗೆ ಅವನ ಮೇಲಿನವನು ಆ ಹಲಗೆ ತೆಗೆಯಬೇಡವೆನ್ನುತ್ತಾನೆ. ತೆಗೆದರೆ ಹೆಣ ಸಿಗುತ್ತದೆ, ಸಿಕ್ಕರೆ ಆ ವರ್ಷದ ಕೊಲೆಗಳ ಸಂಖ್ಯೆ ಏರುತ್ತದೆ. ಎಣಿಸದಿದ್ದರೆ ಸತ್ತಿಲ್ಲ. ಹಾಜರಿ ಇದ್ದರೆ ಓದುತ್ತಿದ್ದಾನೆ. ಎರಡೂ ಕಡೆ ಒಂದೇ ಗಣಿತ.

ಇದು ಕಥೆಗಾರರ ಕಲ್ಪನೆಯೆಂದು ತಳ್ಳಿಹಾಕುವವರಿಗೆ ದಾಖಲೆಯಾದ ಸಂಗತಿಯನ್ನೇ ಹೇಳುತ್ತೇನೆ. ಧಾರಾವಾಹಿ ಆರಂಭವಾದ 2002ರ ಜನವರಿಯಲ್ಲಿಯೇ ಅಮೆರಿಕದಲ್ಲಿ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಎಂಬ ಶಿಕ್ಷಣ ಕಾನೂನಿಗೆ ಸಹಿ ಬಿತ್ತು. ಯಾವ ಮಗುವೂ ಹಿಂದುಳಿಯಬಾರದೆಂಬ ಚಂದದ ಹೆಸರು. 2014ರ ಹೊತ್ತಿಗೆ ಓದು ಮತ್ತು ಗಣಿತದಲ್ಲಿ ಶೇಕಡಾ 100ರಷ್ಟು ಮಕ್ಕಳು ನಿಗದಿತ ಮಟ್ಟ ಮುಟ್ಟಬೇಕೆಂಬ ಗುರಿ. ಮುಟ್ಟುವತ್ತ ಸಾಗದ ಶಾಲೆಗಳಿಗೆ ಶಿಕ್ಷೆ. ಆಮೇಲೇನಾಯಿತು? ಅಟ್ಲಾಂಟಾ ನಗರದ ಶಾಲೆಗಳಲ್ಲಿ ಅಂಕಗಳು ಬೆರಗಾಗುವಂತೆ ಏರಿದವು. ಅಲ್ಲಿನ ಮುಖ್ಯಾಧಿಕಾರಿಗೆ 2009ರಲ್ಲಿ ರಾಷ್ಟ್ರಮಟ್ಟದ ಗೌರವ ಸಿಕ್ಕಿತು. 2011ರಲ್ಲಿ ಜಾರ್ಜಿಯಾ ರಾಜ್ಯ ಸರ್ಕಾರದ ತನಿಖಾ ವರದಿ ಹೊರಬಂದಾಗ 44 ಶಾಲೆಗಳಲ್ಲಿ 178 ಶಿಕ್ಷಕರು ಮತ್ತು ಮುಖ್ಯೋಪಾಧ್ಯಾಯರ ಹೆಸರುಗಳಿದ್ದವು. ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪುತ್ತರ ಅಳಿಸಿ ಸರಿಯುತ್ತರ ತುಂಬಿದ್ದರು. 2015ರಲ್ಲಿ 11 ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಅದೇ ವರ್ಷ ಆ ಕಾನೂನಿನ ಜಾಗಕ್ಕೆ ಬೇರೆ ಕಾನೂನು ಬಂತು. ಧಾರಾವಾಹಿ 2006ರಲ್ಲಿ ಹೇಳಿದ್ದನ್ನು ತನಿಖಾ ವರದಿ ಹೇಳಲು ಐದು ವರ್ಷ ಬೇಕಾಯಿತು. ಆ ಮೇಷ್ಟ್ರುಗಳಲ್ಲಿ ಬಹುಮಂದಿ ತರಗತಿಯಲ್ಲಿ ಒಂದು ಕೆಟ್ಟ ಮಾತನ್ನೂ ಆಡಿರಲಾರರು.

ಬಾಲ್ಟಿಮೋರನ್ನೂ ಅಟ್ಲಾಂಟಾವನ್ನೂ ಬಿಟ್ಟು ನಮ್ಮ ಅಂಗಳಕ್ಕೆ ಬರಬೇಕಾದ ಕಾರಣವನ್ನು ನನ್ನ ವಿದ್ಯಾರ್ಥಿಗಳು ಈಗಾಗಲೇ ಊಹಿಸಿದ್ದಾರು. ಶೇಕಡಾವಾರು ಲೆಕ್ಕದಲ್ಲಿ ಅಂಶ, ಛೇದ ಎಂದು ಎರಡಿರುತ್ತವೆ ಎಂಬುದನ್ನು ನಿಮಗೆ ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಐವತ್ತು ಮಕ್ಕಳ ತರಗತಿಯಲ್ಲಿ ನಲವತ್ತು ಮಂದಿ ಪಾಸಾದರೆ ಶೇಕಡಾ 80. ಅದನ್ನು 100 ಮಾಡಲು ಎರಡು ದಾರಿಗಳಿವೆ. ಒಂದು, ಉಳಿದ ಹತ್ತು ಮಕ್ಕಳಿಗೆ ಕಲಿಸಿ ಅಂಶವನ್ನು ಹೆಚ್ಚಿಸುವುದು. ಇನ್ನೊಂದು, ಆ ಹತ್ತು ಮಕ್ಕಳನ್ನು ಮೊದಲೇ ಹೊರಗೆ ಕಳುಹಿಸಿ ಛೇದವನ್ನು ಇಳಿಸುವುದು. ಮೊದಲನೆಯದಕ್ಕೆ ವರ್ಷಗಳ ಬೆವರು ಬೇಕು. ಎರಡನೆಯದಕ್ಕೆ ಒಂದು ವರ್ಗಾವಣೆ ಪತ್ರ ಸಾಕು. ಛೇದವೆಂದರೆ ಕತ್ತರಿಸುವುದು ಎಂಬ ಅರ್ಥವೂ ಇದೆಯಷ್ಟೆ.

ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ತಾಯಿಯ ಮಗನೊಬ್ಬನಿದ್ದ. ಕಿಲೋಗೆ ಅರವತ್ತೆಂಟು ರೂಪಾಯಿಯಾದರೆ ಮುನ್ನೂರೈವತ್ತು ಗ್ರಾಮಿಗೆ ಎಷ್ಟೆಂದು ಕೇಳಿದರೆ, ನಾನು ಸೀಮೆಸುಣ್ಣ ಎತ್ತಿಕೊಳ್ಳುವುದರೊಳಗೆ ಇಪ್ಪತ್ತಮೂರು ರೂಪಾಯಿ ಎಂಬತ್ತು ಪೈಸೆ ಎನ್ನುತ್ತಿದ್ದ. ಬೀಜಗಣಿತದ ಅಕ್ಷರಗಳನ್ನು ಕಂಡರೆ ಮಾತ್ರ ಬೆವರುತ್ತಿದ್ದ. ಒಂಬತ್ತನೆಯ ತರಗತಿ ಮುಗಿದಾಗ ಅವನನ್ನೂ ಅವನಂಥ ಕೆಲವರನ್ನೂ ಕರೆದು, ಬೇರೆ ಶಾಲೆ ನೋಡಿಕೊಳ್ಳಿ, ಇಲ್ಲವೇ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಎಂದು ಶಾಲೆ ಹೇಳಿತು. ಆ ಹುಡುಗನನ್ನು ನನಗೆ ಬಿಡಿ, ಒಂದು ವರ್ಷ ಕೊಡಿ ಎಂದು ಸಭೆಯಲ್ಲಿ ನಾನು ವಾದಿಸಿದೆ. ನನ್ನ ಪರವಾಗಿ ಹಿಂದಿ ಪಂಡಿತರೊಬ್ಬರನ್ನು ಬಿಟ್ಟರೆ ಯಾರೂ ಮಾತಾಡಲಿಲ್ಲ. ಮರುವರ್ಷ ಗೇಟಿನ ಮೇಲೆ ಶೇಕಡಾ 100 ಎಂಬ ಬ್ಯಾನರ್ ಬಂತು, ಮೈಸೂರುಪಾಕು ಹಂಚಿದರು. ಆ ಮೈಸೂರುಪಾಕನ್ನು ನಾನು ತಿನ್ನಲಿಲ್ಲ. ಹುಡುಗ ಖಾಸಗಿಯಾಗಿಯೂ ಪರೀಕ್ಷೆ ಕಟ್ಟಲಿಲ್ಲವೆಂದು ಆಮೇಲೆ ತಿಳಿಯಿತು. ಆ ಸಭೆಯಲ್ಲಿ ಆಡಿದ ಮಾತುಗಳೆಲ್ಲ ಬಹಳ ಸಭ್ಯವಾಗಿದ್ದವು. 'ಮಗುವಿನ ಹಿತದೃಷ್ಟಿಯಿಂದ' ಎಂಬ ಪದ ಪದೇ ಪದೇ ಕೇಳಿಬಂತು.

ಒಂದು ಶಾಲೆಯ ಮಾತಾಯಿತು. ಇಡೀ ರಾಜ್ಯದ್ದನ್ನು ನೋಡಿ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ವ್ಯವಸ್ಥೆ ತಂದರು. ಹಿಂದಿನ ವರ್ಷ ಶೇಕಡಾ 83.89 ಇದ್ದ ಫಲಿತಾಂಶ ಶೇಕಡಾ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣವನ್ನು ಶೇಕಡಾ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೆ? ಮೇಷ್ಟ್ರುಗಳು ಪಾಠ ನಿಲ್ಲಿಸಿದರೆ? ಇಲ್ಲ. ಅದಕ್ಕೆ ಮುಂಚಿನ ವರ್ಷಗಳಲ್ಲಿ ನಾವು ಸಂಭ್ರಮಿಸಿದ ಅಂಕಿಯಲ್ಲಿ ಸ್ವಲ್ಪ ನೀರು ಬೆರೆತಿತ್ತು, ಅಷ್ಟೆ. ಕ್ಯಾಮೆರಾ ಇಟ್ಟವರನ್ನು ನಾನು ಅಭಿನಂದಿಸುತ್ತೇನೆ. ಹಲಗೆ ತೆಗೆದು ಒಳಗೇನಿದೆ ಎಂದು ನೋಡುವ ಧೈರ್ಯ ಅದು. ಆದರೆ ಒಳಗಿರುವುದನ್ನು ಕಂಡು ಗಾಬರಿಯಾಗಿ ಕೃಪಾಂಕದ ಬಟ್ಟೆ ಹೊದಿಸಿದ್ದನ್ನು ಹೇಗೆ ಅಭಿನಂದಿಸಲಿ?

ಇಲ್ಲಿ ಎದುರಾಳಿಗಳ ಇನ್ನೊಂದು ವಾದವನ್ನೂ ನ್ಯಾಯವಾಗಿ ಕೇಳಬೇಕು. ಇಂಥ ಧಾರಾವಾಹಿ ಊರಿಗೆ ಕೆಟ್ಟ ಹೆಸರು ತರುತ್ತದೆ, ನೋಡುವವರಲ್ಲಿ ಹತಾಶೆ ಹುಟ್ಟಿಸುತ್ತದೆ ಎಂಬ ವಾದವದು. ಬಾಲ್ಟಿಮೋರಿನ ಪೊಲೀಸ್ ಆಯುಕ್ತರಾಗಿದ್ದ ಫ್ರೆಡ್ರಿಕ್ ಬೀಲ್‌ಫೆಲ್ಡ್ ಅವರೇ 2011ರಲ್ಲಿ, ಇದು ನಗರಕ್ಕೆ ಮಸಿ ಬಳಿದಿದೆ ಎಂಬರ್ಥದಲ್ಲಿ ಮಾತನಾಡಿದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಊರನ್ನು ಪ್ರೀತಿಸುವವರಿಗೆ ಹಾಗನ್ನಿಸುವುದು ಸಹಜ. ಆದರೆ ಮುಂದೆ ನಡೆದದ್ದನ್ನು ನೋಡಿ. 2015ರಿಂದ 2022ರವರೆಗೆ ಆರು ಲಕ್ಷದಷ್ಟು ಜನಸಂಖ್ಯೆಯ ಆ ನಗರದಲ್ಲಿ ಪ್ರತಿವರ್ಷ 300ಕ್ಕಿಂತ ಹೆಚ್ಚು ಕೊಲೆಗಳಾದವು. 2017ರಲ್ಲಿ ಬಂದೂಕು ಪತ್ತೆಗೆಂದೇ ಇದ್ದ ವಿಶೇಷ ಪೊಲೀಸ್ ತಂಡದ ಏಳು ಮಂದಿ, ನಾಗರಿಕರನ್ನು ಸುಲಿದ ಮತ್ತು ಮಾಡದ ಕೆಲಸಕ್ಕೆ ಹೆಚ್ಚುವರಿ ವೇತನ ಪಡೆದ ಆರೋಪದ ಮೇಲೆ ಬಂಧಿತರಾದರು. ಆ ಕಥೆಯನ್ನೂ ಸೈಮನ್ 2022ರಲ್ಲಿ ಆರು ಕಂತುಗಳ ಧಾರಾವಾಹಿಯಾಗಿ ಮಾಡಿದರು. ಕನ್ನಡಿಯನ್ನು ಬೈದದ್ದರಿಂದ ಮುಖ ತೊಳೆದಂತಾಗಲಿಲ್ಲ. 2023ರಿಂದ ಅಲ್ಲಿ ಕೊಲೆಗಳು ಇಳಿಯತೊಡಗಿ 2024ರಲ್ಲಿ 200ರ ಆಸುಪಾಸಿಗೆ ಬಂದಿವೆ. ಆದ್ದರಿಂದ ಹತಾಶರಾಗಬೇಕಿಲ್ಲ, ಬಾಲ್ಟಿಮೋರಿಗೆ ಅದು ಹಣೆಬರಹವೇನೂ ಆಗಿರಲಿಲ್ಲ.

ನನ್ನದೇ ಪಂಗಡದವರೊಂದಿಗೂ ಒಂದು ಜಗಳವಿದೆ. 'ದಿ ವೈರ್' ಅಭಿಮಾನಿಗಳಲ್ಲಿ ಬಹುಮಂದಿಗೆ ಪ್ರಿಯನಾದವನು ಒಮರ್. ಮಾದಕ ವಸ್ತು ಮಾರುವವರನ್ನೇ ಬಂದೂಕು ತೋರಿಸಿ ದೋಚುವ ಒಂಟಿ ದರೋಡೆಕೋರ. ಒಬಾಮಾ ಅವರೂ ತಮಗೆ ಅವನೇ ಮೆಚ್ಚು ಎಂದಿದ್ದರು. ಅವನ ಚಿತ್ರವಿರುವ ಅಂಗಿ ತೊಡುವುದು, ಅವನ ಮಾತುಗಳನ್ನು ಹೇಳಿಕೊಂಡು ತಿರುಗುವುದು ಅಭಿಮಾನದ ಒಂದು ಬಗೆ. ಆ ಪಾತ್ರ ಮಾಡಿದ ಮೈಕೆಲ್ ವಿಲಿಯಮ್ಸ್ ಮಹಾನ್ ನಟ, ಸಂದೇಹವಿಲ್ಲ. 2021ರ ಸೆಪ್ಟೆಂಬರಿನಲ್ಲಿ ಅವರು ಮಾದಕ ವಸ್ತುವಿನಿಂದಲೇ ತೀರಿಕೊಂಡರೆಂಬುದು ಎಂಥ ದುಃಖದ ಸಂಗತಿ! ಆದರೆ ಕಥೆ ಒಮರನನ್ನು ಏನು ಮಾಡುತ್ತದೆ? ಅಂಗಡಿಯಲ್ಲಿ ಸಿಗರೇಟು ಕೊಳ್ಳುತ್ತಾ ನಿಂತವನನ್ನು ಒಬ್ಬ ಪುಟ್ಟ ಹುಡುಗ ಹಿಂದಿನಿಂದ ಗುಂಡು ಹಾರಿಸಿ ಕೊಲ್ಲುತ್ತಾನೆ. ಪತ್ರಿಕೆಯಲ್ಲಿ ಆ ಸುದ್ದಿಗೆ ಜಾಗವೂ ಸಿಗುವುದಿಲ್ಲ. ವೀರರನ್ನು ಪೂಜಿಸಬೇಡಿ, ಆ ಪುಟ್ಟ ಹುಡುಗ ಎಲ್ಲಿಂದ ಬಂದ ಎಂದು ಕೇಳಿ ಎಂದು ಕಥೆ ಹೇಳುತ್ತಿರುವಾಗ, ನಾವು ಅಂಗಿ ಕೊಳ್ಳುತ್ತಿದ್ದೇವೆ. ಅಭಿಮಾನಿ ಎನಿಸಿಕೊಳ್ಳುವವನು ಕೃತಿಯ ಮಾತಿಗೆ ಕಿವಿಗೊಡಬೇಕು.

ನನಗೆ ಅಲ್ಲಿ ಮುಖ್ಯರಾದವರು ನಾಲ್ಕು ಹುಡುಗರು: ನೇಮಂಡ್, ಮೈಕೆಲ್, ರ್‍ಯಾಂಡಿ, ಡ್ಯೂಕಿ. ಸಂಪುಟ ಆರಂಭವಾದಾಗ ನಾಲ್ವರೂ ಒಂದೇ ಬೆಂಚಿನ ಮಕ್ಕಳಂತಿದ್ದಾರೆ. ಮುಗಿಯುವ ಹೊತ್ತಿಗೆ ಒಬ್ಬನಿಗೆ ಮಾತ್ರ ಒಳ್ಳೆಯ ಮನೆ ದೊರೆತಿದೆ. ಅದೂ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬ ತಾನೇ ಮುಂದಾಗಿ ಅವನನ್ನು ಮನೆಗೆ ಕರೆದುಕೊಂಡು ಹೋದದ್ದರಿಂದ. ಒಬ್ಬ ಕೊಲೆಗಾರನಾಗುತ್ತಾನೆ. ಒಬ್ಬ, ಪೊಲೀಸರಿಗೆ ಸುದ್ದಿ ಕೊಟ್ಟನೆಂದು ಮನೆಗೆ ಬೆಂಕಿ ಬಿದ್ದು, ಸಾಕುತಾಯಿಯನ್ನೂ ಕಳೆದುಕೊಂಡು, ಸರ್ಕಾರಿ ವಸತಿಯ ಪಾಲಾಗುತ್ತಾನೆ. ನಾಲ್ಕನೆಯವನು ಡ್ಯೂಕಿ. ಒಗೆಯದ ಬಟ್ಟೆ ತೊಟ್ಟು ಬರುವ, ಇತರರು ವಾಸನೆಯೆಂದು ಹಂಗಿಸುವ ಬುದ್ಧಿವಂತ ಹುಡುಗ. ಪ್ರೆಜ್ ಅವನಿಗೆ ಊಟ ಕೊಡುತ್ತಾನೆ, ಬಟ್ಟೆ ಒಗೆಸಿಕೊಡುತ್ತಾನೆ. ಅವನು ಅರಳತೊಡಗಿದ ಹೊತ್ತಿಗೆ ಶಾಲೆ ವರ್ಷದ ನಡುವೆಯೇ ಅವನನ್ನು ಮೇಲಿನ ತರಗತಿಗೆ ಏರಿಸಿ ಪ್ರೌಢಶಾಲೆಗೆ ಕಳುಹಿಸುತ್ತದೆ. ಬಡ್ತಿ! ದಾಖಲೆಯಲ್ಲಿ ಅದು ಸಾಧನೆ. ಹುಡುಗ ಹೊಸ ಶಾಲೆಯ ಬಾಗಿಲವರೆಗೆ ಹೋಗಿ, ಒಳಗೆ ಹೋಗಲಾರದೆ ಬೀದಿಗೆ ಮರಳುತ್ತಾನೆ.

ಕೊನೆಯ ಸಂಪುಟದಲ್ಲಿ ಅವನು ಹಳೆಯ ಮೇಷ್ಟ್ರನ್ನು ಹುಡುಕಿಕೊಂಡು ಬಂದು, ಮತ್ತೆ ಓದಲು ಸೇರುತ್ತೇನೆಂದು ಹಣ ಕೇಳುತ್ತಾನೆ. ಸುಳ್ಳೆಂದು ಮೇಷ್ಟ್ರಿಗೆ ತಿಳಿಯುತ್ತದೆ. ತನಗೆ ತಿಳಿಯಿತೆಂಬುದು ಹುಡುಗನಿಗೂ ತಿಳಿಯುವಂತೆ ಮಾತಾಡಿ, ಹಣ ಕೊಟ್ಟು, ಕಾರಿನಲ್ಲಿ ಕರೆತಂದು ಬಿಟ್ಟು ಹೋಗುತ್ತಾನೆ. ನಾನು ಮೂರು ಸಲ ನೋಡಿದರೂ ಒಣಕಣ್ಣಿನಿಂದ ನೋಡಲಾಗದ ದೃಶ್ಯ ಅದೊಂದೇ. ಅದರಲ್ಲಿ ಒಂದು ಹನಿ ರಕ್ತವಿಲ್ಲ. ಮೇಷ್ಟ್ರಾಗಿದ್ದವರಿಗೆ ಅದಕ್ಕಿಂತ ದೊಡ್ಡ ಅಪರಾಧಕಥೆ ಬೇಕಾಗಿಲ್ಲ.

ಆದ್ದರಿಂದ ಪ್ರಿಯ ಬಂಧುಗಳೇ, ನನ್ನ ಸಂಜೆಗಳ ಬಗ್ಗೆ ಚಿಂತೆ ಬಿಡಿ. ಚಿಂತಿಸಲೇಬೇಕೆಂದಿದ್ದರೆ ಬೇರೆ ವಿಷಯವಿದೆ. ಇದನ್ನು ಓದುವವರಲ್ಲಿ ಈಗ ಮೇಷ್ಟ್ರುಗಳಾದವರಿದ್ದೀರಿ, ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂತವರಿದ್ದೀರಿ, ಮಕ್ಕಳ ತಂದೆತಾಯಿಗಳಂತೂ ಎಲ್ಲರೂ ಹೌದು. ಮುಂದಿನ ಸಲ ಫಲಿತಾಂಶ ಬಂದು ನಿಮ್ಮೂರಿನ ಶಾಲೆಯ ಗೇಟಿಗೆ ಶೇಕಡಾ 100ರ ಬ್ಯಾನರ್ ಕಟ್ಟಿದಾಗ ಒಳಗೆ ಹೋಗಿ ವಿನಯದಿಂದ ಒಂದು ಲೆಕ್ಕ ಕೇಳಿ: ಎಂಟನೆಯ ತರಗತಿಗೆ ಸೇರಿದ ಮಕ್ಕಳು ಎಷ್ಟು, ಹತ್ತರ ಪರೀಕ್ಷೆಗೆ ಕೂತ ಮಕ್ಕಳು ಎಷ್ಟು, ವ್ಯತ್ಯಾಸದಲ್ಲಿರುವವರು ಈಗ ಎಲ್ಲಿದ್ದಾರೆ? ವ್ಯವಕಲನದ ಲೆಕ್ಕ, ನಾಲ್ಕನೆಯ ತರಗತಿಯ ಮಗುವೂ ಮಾಡೀತು. ನಿಮ್ಮಲ್ಲಿ ಯಾರಿಗಾದರೂ ಉತ್ತರ ಸಿಕ್ಕರೆ ನನಗೆ ಬರೆದು ತಿಳಿಸಿ.